ಅಜ್ಜನಿಗೆ ಮೂರು ಹುಟ್ಟಿದ ದಿನ, ಎರಡು ತೀರಿಹೋದ ದಿನ

ಮಾನ್ಯ ಸಂಪಾದಕರೇ,

ಆನ್‌ಲೈನಲ್ಲಿ ಫ್ಯಾಮಿಲಿ ಟ್ರೀ (ವಂಶವೃಕ್ಷ) ಮಾಡುವ ಹುಚ್ಚು ಈಗ ನಮ್ಮ ಕರಾವಳಿಯಲ್ಲಿ ಜೋರುಂಟು, ದುಬೈಯಿಂದ ರಜೆಗೆ ಬಂದ ಹುಡುಗ್ರು ಕೂಡ ಸ್ಮಶಾನಕ್ಕೆ ಹೋಗಿ ಅಜ್ಜ ಅಜ್ಜಿಯಂದಿರ ಸಮಾಧಿಕಲ್ಲಿನ ಫೋಟೋ ಹೊಡೆದು ಅಲ್ಲೇ ನಿಂತು ಅಪ್‌ಲೋಡ್ ಮಾಡ್ತಾರೆ. ಒಳ್ಳೇದೇ. ಆದ್ರೆ ಆಮೇಲೆ ಮನೆಗೆ ಬಂದು ಕಪಾಟಿನ ಹಳೇ ಕಾಗದ ತೆಗೆದ್ರೆ ಅಲ್ಲಿ ಬೇರೆ ತಾರೀಕು, ಚರ್ಚಿನ ರಿಜಿಸ್ಟರ್ ನೋಡಿದ್ರೆ ಮತ್ತೊಂದು, ಅಲ್ಲಿಂದ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಜಗಳ ಶುರು. ಒಂದು ಪಾರ್ಟಿ "ಕಲ್ಲಲ್ಲಿ ಕೆತ್ತಿದ್ದು ಸುಳ್ಳಾಗ್ತದಾ" ಅಂತ, ಇನ್ನೊಂದು ಪಾರ್ಟಿ "ಸರ್ಕಾರಿ ಸೀಲು ಬಿದ್ದ ಕಾಗದಕ್ಕಿಂತ ದೊಡ್ಡದು ಎಂತ ಉಂಟು" ಅಂತ. ನಾನು ರಿಟೈರಾದ ಮೇಲೆ ನಮ್ಮ ಕುಟುಂಬದ್ದೂ ಗುರುತಿನವರದ್ದೂ ಟ್ರೀ ನೋಡಿಕೊಡ್ತಾ ಇರ್ತೇನೆ, ಹಾಗಾಗಿ ಈ ಜಗಳದ ಮಧ್ಯೆ ತುಂಬಾ ಸಲ ಸಿಕ್ಕಿ ಬಿದ್ದವ. ನನ್ನ ಪ್ರಕಾರ ಇಬ್ಬರದ್ದೂ ಸರಿ ಇಲ್ಲ. ಕಲ್ಲು ದೊಡ್ಡದಾ ಕಾಗದ ದೊಡ್ಡದಾ ಅಂತ ಕೇಳುವ ಬದಲು ಈ ತಾರೀಕನ್ನ ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವರು ಆಗ ಅಲ್ಲಿ ಇದ್ರಾ ಅಂತ ಕೇಳ್ಬೇಕು.

ನಮ್ಮ ಅಜ್ಜನದ್ದೇ ಹೇಳ್ತೇನೆ, ಯಾಕಂದ್ರೆ ಅದರಲ್ಲಿ ಬರಬಹುದಾದ ಗೊಂದಲ ಹೆಚ್ಚುಕಮ್ಮಿ ಎಲ್ಲಾ ಉಂಟು. ನಮ್ಮದು ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಕುಟುಂಬ. ಚರ್ಚಿನ ಸಭೆಯ ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ರಿಜಿಸ್ಟರಲ್ಲಿ ಅಜ್ಜ ಹುಟ್ಟಿದ್ದು 1920 ಫೆಬ್ರವರಿ 20, ದೀಕ್ಷಾಸ್ನಾನ ಆದದ್ದು ಮಾರ್ಚ್ 14. ಶಾಲೆಯ ರೆಕಾರ್ಡಲ್ಲಿ 1-6-1921. ಸಮಾಧಿಕಲ್ಲಲ್ಲಿ ಹುಟ್ಟಿದ ದಿನವೇ ಇಲ್ಲ, "69ನೇ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು" ಅಂತ ಮಾತ್ರ, ತೀರಿಹೋದ ದಿನ 9-11-1988. ಕೆನಡಾದಲ್ಲಿರುವ ನಮ್ಮ ಚಿಕ್ಕಪ್ಪನ ಮಗ 1988ರಲ್ಲಿ 69 ಕಳೆದು 1919 ಅಂತ ಟ್ರೀಯಲ್ಲಿ ಹಾಕಿಬಿಟ್ಟ. ಇನ್ನೊಬ್ಬಳು ಅಕ್ಕ ಪೆನ್ಶನ್ ಬುಕ್ಕು ನೋಡಿ 1921 ಹಾಕಿದ್ಲು. ಸಾಲದ್ದಕ್ಕೆ ಡೆತ್ ಸರ್ಟಿಫಿಕೇಟಲ್ಲಿ ತೀರಿಹೋದದ್ದು ನವೆಂಬರ್ 10 ಅಂತ ಉಂಟು. ಆಯ್ತಲ್ಲ, ಒಬ್ಬ ಮನುಷ್ಯನಿಗೆ ಹುಟ್ಟಿದ ದಿನ ಮೂರು, ಸತ್ತ ದಿನ ಎರಡು.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಅದೇ ಮಜಾ. ಜೂನ್ ಒಂದರ ಕಥೆ ನಿಮ್ಮ ಓದುಗರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಮಗುವನ್ನ ಶಾಲೆಗೆ ಸೇರಿಸ್ಲಿಕ್ಕೆ ಹೋದಾಗ ತಾರೀಕು ಗೊತ್ತಿಲ್ಲ ಅಂದ್ರೆ ಅಥವಾ ವಯಸ್ಸು ಸ್ವಲ್ಪ ಆಚೀಚೆ ಆಗಿದ್ರೆ ಮಾಸ್ಟ್ರು ಜೂನ್ 1 ಅಂತ ಬರೆದು ಸೇರಿಸಿಕೊಳ್ತಿದ್ರು, ನಮ್ಮ ಹಿಂದಿನ ತಲೆಮಾರಲ್ಲಿ ಅರ್ಧ ಊರಿನ ಬರ್ತ್‌ಡೇ ಒಂದೇ ದಿನ. ಅದೇ ತಾರೀಕು ಎಸ್ಸೆಸ್ಸೆಲ್ಸಿ ಬುಕ್ಕಿಗೆ, ಅಲ್ಲಿಂದ ಸರ್ವಿಸ್ ರಿಜಿಸ್ಟರಿಗೆ, ಅಲ್ಲಿಂದ ಪೆನ್ಶನ್ ಬುಕ್ಕಿಗೆ, ಕೊನೆಗೆ ಪಾಸ್‌ಪೋರ್ಟಿಗೂ ಹೋಗ್ತದೆ. ನೋಡುವವರಿಗೆ ನಾಲ್ಕು ಸರ್ಕಾರಿ ದಾಖಲೆ ಒಂದೇ ಮಾತು ಹೇಳ್ತಾ ಉಂಟು ಅಂತ ಕಾಣ್ತದೆ, ನಿಜದಲ್ಲಿ ಮಾತಾಡಿದ್ದು ಒಬ್ಬರೇ ಮಾಸ್ಟ್ರು, ಉಳಿದದ್ದೆಲ್ಲ ಕಾಪಿ. ಟ್ರೀ ಮಾಡುವವರು ಸೋರ್ಸ್ ಎಣಿಸಿ ವೋಟು ಹಾಕಿದ ಹಾಗೆ ತೀರ್ಮಾನ ಮಾಡುದು ಇಲ್ಲಿಯೇ ದಾರಿ ತಪ್ಪುದು. ಹುಟ್ಟಿ ಮೂರು ವಾರಕ್ಕೆ ಅಪ್ಪ ಅಮ್ಮ ಎದುರಲ್ಲಿ ನಿಂತು ಹೇಳಿ ಬರೆಸಿದ ರಿಜಿಸ್ಟರ್ ಒಂದೇ ಆದ್ರೂ ಅದಕ್ಕೆ ಆ ನಾಲ್ಕಕ್ಕಿಂತ ತೂಕ ಜಾಸ್ತಿ. ಅದನ್ನೂ ಸರಿಯಾಗಿ ಓದ್ಬೇಕು, ಕೆಲವು ಹಳೇ ಪುಸ್ತಕಗಳಲ್ಲಿ ಹುಟ್ಟಿದ ದಿನದ ಕಾಲಮ್ಮೇ ಇರುದಿಲ್ಲ, ದೀಕ್ಷಾಸ್ನಾನದ ದಿನ ಮಾತ್ರ ಇರ್ತದೆ, ಜನ ಅದನ್ನೇ ಹುಟ್ಟಿದ ದಿನ ಅಂತ ಟೈಪ್ ಮಾಡ್ತಾರೆ.

ಇನ್ನು 69ನೇ ವಯಸ್ಸು. ನಮ್ಮಲ್ಲಿ ವಯಸ್ಸು ಹೇಳುವಾಗ "ತುಂಬಿತು" ಮತ್ತು "ನಡೀತಾ ಉಂಟು" ಅಂತ ಎರಡು ಲೆಕ್ಕ. 1920 ಫೆಬ್ರವರಿಯಲ್ಲಿ ಹುಟ್ಟಿದವರಿಗೆ 1988 ನವೆಂಬರಿಗೆ 68 ತುಂಬಿ 69 ನಡೀತಾ ಇತ್ತು, ಕಲ್ಲಲ್ಲಿ ಕೆತ್ತಿದ್ದು ನಡೆಯುವ ವರ್ಷ. ಹಾಗಾಗಿ ಕಲ್ಲೂ ರಿಜಿಸ್ಟರೂ ನಿಜಕ್ಕೂ ಜಗಳ ಆಡ್ತಾ ಇಲ್ಲ, ಕಳೆಯುವ ಲೆಕ್ಕ ಮಾಡಿದವ ಒಂದು ವರ್ಷ ಹಿಂದೆ ಹೋದ, ಅಷ್ಟೇ. ದೊಡ್ಡವರ ವಿಷಯದಲ್ಲೂ ಹೀಗೇ ಉಂಟು ನೋಡಿ, ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಸೆಪ್ಟೆಂಬರ್ 15 ಅನ್ನೋದರಲ್ಲಿ ತಕರಾರಿಲ್ಲ, ಎಂಜಿನಿಯರ್ಸ್ ಡೇ ಅಂತ ದೇಶವೇ ಆಚರಿಸ್ತದೆ, ಆದ್ರೆ ವರ್ಷ ಕೆಲವು ಕಡೆ 1860, ಕೆಲವು ಕಡೆ 1861. ಅವರ ಶತಮಾನೋತ್ಸವದ ಅಂಚೆಚೀಟಿ ಅವರು ಇನ್ನೂ ಬದುಕಿರುವಾಗಲೇ 1960 ಸೆಪ್ಟೆಂಬರ್ 15ಕ್ಕೆ ಬಂತು. ಅದನ್ನ ಹಿಡ್ಕೊಂಡು ನೂರು ತುಂಬಿತು ಅಂದ್ರೆ 1860, ನೂರನೇದಕ್ಕೆ ಕಾಲಿಟ್ರು ಅಂದ್ರೆ 1861, ಚೀಟಿ ಒಂದೇ, ಎರಡೂ ಲೆಕ್ಕಕ್ಕೆ ಬಗ್ತದೆ. ತೀರಿಹೋದದ್ದು 1962 ಏಪ್ರಿಲ್, ಅಲ್ಲೂ ಒಂದು ಕಡೆ 12 ಇನ್ನೊಂದು ಕಡೆ 14 ಅಂತ ಅಚ್ಚಾಗಿದೆ. ಭಾರತ ರತ್ನ ಸಿಕ್ಕಿದ, ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಿನ ಮನುಷ್ಯನಿಗೇ ಹೀಗಾದ್ರೆ ನಮ್ಮ ನಿಮ್ಮ ಅಜ್ಜಂದಿರದ್ದು ಕೇಳ್ಬೇಕಾ.

ಸತ್ತ ದಿನದಲ್ಲಿ ಬರುವ ಒಂದು ದಿನದ ವ್ಯತ್ಯಾಸ ಇದಕ್ಕಿಂತ ಸ್ವಾರಸ್ಯ. ಅಜ್ಜ ಹೋದದ್ದು ರಾತ್ರಿ ಒಂದೂವರೆಗೆ. ಆಸ್ಪತ್ರೆಯವರಿಗೆ ಹನ್ನೆರಡು ದಾಟಿದ್ರೆ ಮರುದಿನ, ಅವರು 10 ಅಂತ ಬರೆದ್ರು. ಮನೆಯವರಿಗೆ ಅದು ಒಂಬತ್ತನೇ ತಾರೀಕಿನ ರಾತ್ರಿ, ಬೆಳಗಾಗಿರ್ಲಿಲ್ಲ, ಕಲ್ಲಿನವನಿಗೆ 9 ಅಂತ ಬರೆದುಕೊಟ್ರು. ನಮ್ಮ ದೇಶದಲ್ಲಿ ದಿನ ಶುರುವಾಗುದು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ, ಪಂಚಾಂಗ ನೋಡುವವರಿಗೆ ಸೂರ್ಯ ಹುಟ್ಟಿದ ಮೇಲೆ, ಮುಸ್ಲಿಮರ ಹಿಜ್ರಿ ಲೆಕ್ಕದಲ್ಲಿ ಸೂರ್ಯ ಮುಳುಗಿದ ಕೂಡ್ಲೇ ಮುಂದಿನ ತಾರೀಕು, ಆಸ್ಪತ್ರೆಗೆ ಮಧ್ಯರಾತ್ರಿ. ಒಂದೇ ರಾತ್ರಿ ಎಂಟು ಗಂಟೆಗೆ ಇಲ್ಲಾ ಎರಡು ಗಂಟೆಗೆ ಹೋದವರ ತಾರೀಕು ಮೂರು ಮನೆಯಲ್ಲಿ ಎರಡು ತರ ಆಗಬಹುದು, ಹಾಗಾಗಿ ಒಂದು ದಿನದ ವ್ಯತ್ಯಾಸ ಕಂಡ ಕೂಡ್ಲೇ ಯಾರೋ ತಪ್ಪು ಬರೆದಿದ್ದಾರೆ ಅಂತ ಹೊರಡಬೇಡಿ, ಎಷ್ಟು ಹೊತ್ತಿಗೆ ಹೋದದ್ದು ಅಂತ ಗೊತ್ತಿದ್ದವರು ಮನೆಯಲ್ಲಿ ಯಾರಾದ್ರೂ ಇದ್ರೆ ಮೊದಲು ಅವರನ್ನ ಕೇಳಿ. ಚರ್ಚಿನ ಬರಿಯಲ್ ರಿಜಿಸ್ಟರಲ್ಲಿ ಇರುದು ಹೂಣಿದ ದಿನ, ಅದೂ ಒಂದೆರಡು ದಿನ ಆಚೆ. ಮುನ್ಸಿಪಾಲಿಟಿ ಸರ್ಟಿಫಿಕೇಟಲ್ಲಿ ಸತ್ತ ದಿನ ಬೇರೆ, ರಿಜಿಸ್ಟರ್ ಮಾಡಿಸಿದ ದಿನ ಬೇರೆ, ಎರಡೂ ಒಂದೇ ಹಾಳೆಯಲ್ಲಿ ಇರ್ತದೆ, ಅವಸರದಲ್ಲಿ ಓದಿದವರು ಎರಡನೇದನ್ನ ಹಾಕ್ತಾರೆ. 21 ದಿನದ ಒಳಗೆ ಹೇಳ್ಬೇಕು ಅಂತ ರೂಲ್ಸು ಇದ್ರೂ ಎಷ್ಟೋ ಮನೆಗಳಲ್ಲಿ ಜಾಗದ ಪಾಲು ಆಗುವಾಗ, ವರ್ಷಗಟ್ಟಲೆ ಆದ ಮೇಲೆ, ಕೋರ್ಟು ಆರ್ಡರ್ ತಂದು ಮಾಡಿಸಿದ ಡೆತ್ ಸರ್ಟಿಫಿಕೇಟುಗಳುಂಟು, ಅದರ ತಾರೀಕು ಮನೆಯವರ ನೆನಪಿನದ್ದೇ, ಸೀಲು ಮಾತ್ರ ಸರ್ಕಾರದ್ದು.

ಕಲ್ಲಿನ ಬಗ್ಗೆ ನನಗಿರುವ ದೊಡ್ಡ ಸಂಶಯ ಎಂತ ಅಂದ್ರೆ ಅದು ಯಾವಾಗಿನ ಕಲ್ಲು ಅಂತ ಯಾರೂ ಕೇಳುದಿಲ್ಲ. 1930ರಲ್ಲಿ ಸತ್ತವರ ಮೇಲೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟು, ಕಂಪ್ಯೂಟರ್ ಅಕ್ಷರ ಕಂಡ್ರೆ ತಿಳ್ಕೊಳ್ಬೇಕು ಅದು ಮೊಮ್ಮಕ್ಕಳು ಹಾಕಿಸಿದ್ದು ಅಂತ. ಹಳೇ ಗಾರೆಯ ಸಮಾಧಿ ಒಡೆದು ಹೊಸದು ಕಟ್ಟಿಸುವಾಗ ಹಳೇ ಫಲಕ ಎಲ್ಲಿ ಹೋಯ್ತೋ, ತಾರೀಕು ಮಾತ್ರ ದೊಡ್ಡಮ್ಮ ಬಾಯಲ್ಲಿ ಹೇಳಿದ್ದು. ಗಂಡ ಹೆಂಡತಿ ಇಬ್ಬರ ಹೆಸರು ಒಂದೇ ಕಲ್ಲಲ್ಲಿ ಒಂದೇ ಕೈಯಲ್ಲಿ ಕೆತ್ತಿದ್ರೆ, ಮೊದಲು ಹೋದವರ ತಾರೀಕು ಎರಡನೆಯವರು ಹೋದಾಗ ನೆನಪು ಮಾಡಿ ಕೊಟ್ಟದ್ದು ಇರ್ಲಿಕ್ಕೆ ಸಾಕು. ಅದು ಬಿಟ್ಟು ನಮ್ಮ ಕರಾವಳಿ ಮಳೆ, ಪಾಚಿ, ಅಂಕೆ ಸವೆದು 3 ಯಾವುದು 8 ಯಾವುದು ಗೊತ್ತಾಗುದಿಲ್ಲ, ಕನ್ನಡ ಅಂಕೆಯಲ್ಲಿ ಕೆತ್ತಿದ್ರಂತೂ ೬ ಮತ್ತು ೯ ಎರಡನ್ನೂ ಸವೆದ ಕಲ್ಲಲ್ಲಿ ಬೇರೆ ಮಾಡುದು ಕಷ್ಟ, ೧೮೬೬ ಅಂತ ಓದಿದ್ದು ೧೮೯೬ ಆದ್ರೆ ಮೂವತ್ತು ವರ್ಷ ಹೋಯ್ತು. ದಯವಿಟ್ಟು ತಂತಿ ಬ್ರಶ್ಶು, ಆ್ಯಸಿಡ್ ಹಾಕಿ ಉಜ್ಜಬೇಡಿ, ಇದ್ದ ಅಂಕೆಯೂ ಹೋಗ್ತದೆ. ಬೆಳಿಗ್ಗೆ ಬೇಗ ಇಲ್ಲಾ ಸಂಜೆ ಬಿಸಿಲು ಓರೆ ಬೀಳುವಾಗ ಫೋಟೋ ತೆಗೀರಿ, ಇಲ್ಲಾಂದ್ರೆ ಕತ್ತಲಾದ ಮೇಲೆ ಬದಿಯಿಂದ ಟಾರ್ಚು ಹಿಡೀರಿ, ಕೆತ್ತಿದ ಗೆರೆಯಲ್ಲಿ ನೆರಳು ಬಿದ್ದು ಅಂಕೆ ಎದ್ದು ಬರ್ತದೆ. ಹಳೇ ಯುರೋಪಿಯನ್ ಸಮಾಧಿಗಳಾದ್ರೆ ಇನ್ನೊಂದು ದಾರಿ ಉಂಟು, ಜೂಲಿಯನ್ ಜೇಮ್ಸ್ ಕಾಟನ್ ಅನ್ನುವ ಐಸಿಎಸ್ ಅಧಿಕಾರಿ ಮದ್ರಾಸ್ ಪ್ರಾಂತ್ಯದ ಸಮಾಧಿ ಬರಹಗಳನ್ನ ಪಟ್ಟಿ ಮಾಡಿ 1905ರಲ್ಲೇ ಅಚ್ಚು ಹಾಕಿಸಿದ್ದಾನೆ, ಇವತ್ತು ಸವೆದು ಹೋದದ್ದು ಅವತ್ತು ಓದ್ಲಿಕ್ಕೆ ಬರ್ತಿತ್ತು. ಹಾಗಂತ ಅವನದ್ದೂ ಕಾಪಿಯೇ.

ರಿಜಿಸ್ಟರೂ ಹಾಗೇ, ನಾವು ನೋಡುದು ಬಹಳ ಸಲ ಮೂಲವನ್ನಲ್ಲ. ಬೆಂಗಳೂರು ಕಂಟೋನ್ಮೆಂಟ್, ಬಳ್ಳಾರಿ, ಮಂಗಳೂರು ಕಡೆ ಇಂಗ್ಲಿಷ್ ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಬರಿಯಲ್ ಪಟ್ಟಿಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಇರುದು ಆ ನಕಲು. ಗುಮಾಸ್ತ ಒಂದು ಸಾಲು ಕೆಳಗೆ ಜಾರಿದ್ರೆ ಒಬ್ಬರ ತಾರೀಕು ಇನ್ನೊಬ್ಬರ ಹೆಸರಿನ ಮುಂದೆ ಕೂತ್ಕೊಳ್ತದೆ. ಅದನ್ನ ನೋಡಿ ಇಂಡೆಕ್ಸ್ ಟೈಪ್ ಮಾಡಿದವರು ಇನ್ನೊಂದು ಸಲ ಜಾರಬಹುದು. ಆದ್ದರಿಂದ ವೆಬ್‌ಸೈಟಲ್ಲಿ ಟೈಪ್ ಮಾಡಿದ ಸಾಲನ್ನ ನಂಬುವ ಮೊದಲು ಪುಟದ ಫೋಟೋ ಇದ್ರೆ ತೆರೆದು ನೋಡಿ, ಮೇಲಿನ ಕೆಳಗಿನ ಎರಡು ಎಂಟ್ರಿ ಕೂಡ ಓದಿ. ಮಂಗಳೂರಿನ ಕೆಥೋಲಿಕರಿಗೆ ಇನ್ನೊಂದು ಕಷ್ಟ, 1784ರಲ್ಲಿ ಟಿಪ್ಪು ಅವರನ್ನ ಸೆರೆ ಹಿಡಿದು ಇಗರ್ಜಿಗಳೇ (ಚರ್ಚುಗಳೇ) ನಾಶವಾದಾಗ ಪುಸ್ತಕ ಎಲ್ಲಿಂದ ಉಳೀಬೇಕು, ಹಾಗಾಗಿ ಅದಕ್ಕಿಂತ ಹಿಂದಿನ ತಾರೀಕು ದಿನ ತಿಂಗಳ ಸಮೇತ ಟ್ರೀಯಲ್ಲಿ ಕಂಡ್ರೆ ಎಲ್ಲಿಂದ ಸಿಕ್ಕಿತು ಅಂತ ನಾನಂತೂ ಕೇಳಿಯೇ ಕೇಳ್ತೇನೆ.

ಸಂವತ್ಸರದ ಲೆಕ್ಕ ಇಟ್ಟ ಮನೆಗಳದ್ದು ಬೇರೆಯೇ ರಾಮಾಯಣ. ಹುಬ್ಬಳ್ಳಿ ಕಡೆಯ ಲಿಂಗಾಯತ ಗೆಳೆಯರೊಬ್ಬರ ಮನೆತನದಲ್ಲಿ ಹಿರಿಯರ ಗದ್ದುಗೆ (ಸಮಾಧಿ) ಮೇಲೆ "ದುರ್ಮತಿ ಸಂವತ್ಸರ ಮಾಘ" ಅಂತ ಉಂಟು, ಟ್ರೀಯಲ್ಲಿ ಯಾರೋ 1897 ಹಾಕಿದ್ರು. ಅವರು ದುರ್ಮತಿಯನ್ನ ದುರ್ಮುಖಿ ಅಂತ ಓದಿದ್ದು. ದುರ್ಮುಖಿ 1896ರ ಯುಗಾದಿಗೆ ಶುರು, ದುರ್ಮತಿ 1921ರ ಯುಗಾದಿಗೆ, ಒಂದೆರಡು ಅಕ್ಷರ ಆಚೀಚೆ ಆದ್ರೆ ಇಪ್ಪತ್ತೈದು ವರ್ಷ. ಅದರಲ್ಲೂ ಮಾಘ ಅಂದ್ರೆ ಸಂವತ್ಸರದ ಕೊನೆಯ ಹತ್ತಿರ, ಇಂಗ್ಲಿಷ್ ವರ್ಷ ಆಗ ದಾಟಿ ಆಗಿರ್ತದೆ, ಹಾಗಾಗಿ ದುರ್ಮತಿ ಮಾಘ 1922ಕ್ಕೆ ಬೀಳ್ತದೆ. ಪ್ರಮಾಥಿ ಪ್ರಮಾದಿ ಕೂಡ ಹೀಗೇ ಅದಲು ಬದಲಾಗ್ತದೆ. ಮತ್ತೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರ್ತದಲ್ಲ, ಶಕವರ್ಷ ಬರೆದಿಲ್ಲ ಅಂದ್ರೆ 1921ರ ದುರ್ಮತಿಯಾ 1861ರದ್ದಾ ಅಂತ ಮಕ್ಕಳ ವಯಸ್ಸು ನೋಡಿಯೇ ಹೇಳ್ಬೇಕು. ಮನೆಯ ಮಾತಲ್ಲಿ ಬರುವ ಬರ, ಬೇನೆಗಳು ಇಲ್ಲಿ ತುಂಬಾ ಉಪಕಾರಕ್ಕೆ ಬರ್ತವೆ, ಧಾತು ಈಶ್ವರದ ಬರ ಅಂದ್ರೆ 1876ರಿಂದ 78, ಬೆಂಗಳೂರಿನ ಪ್ಲೇಗು 1898, ಇನ್‌ಫ್ಲುಯೆಂಜಾ 1918, "ಪ್ಲೇಗಿನಲ್ಲಿ ಊರು ಬಿಟ್ಟಾಗ ಕೈಗೂಸು" ಅಂದ್ರೆ ಕಲ್ಲಿನ ಅಂಕೆಗಿಂತ ಗಟ್ಟಿ. ಹೆಳವರು ಮನೆಗೆ ಬಂದು ಹೊಗಳುವ ವಂಶಾವಳಿಯಲ್ಲಿ ತಾರೀಕು ಸಿಗುದು ಕಮ್ಮಿ ಆದ್ರೂ ಯಾರ ಮಗ ಯಾರು ಅನ್ನುವುದಕ್ಕೆ ಅದು ಒಳ್ಳೆ ಆಧಾರ. ಹಿಜ್ರಿ ಹಾಕಿದ ಗೋರಿಗಳಲ್ಲಿ ವರ್ಷ ಮಾತ್ರ ಇದ್ರೆ ಎರಡು ಇಸವಿ ಒಟ್ಟಿಗೆ ಹಾಕಿಬಿಡಿ, 1213 ಅಂದ್ರೆ 1798 ಜೂನಿಂದ 1799 ಜೂನ್ ವರೆಗೆ, ಶ್ರೀರಂಗಪಟ್ಟಣ ಬಿದ್ದದ್ದು 1799 ಮೇ 4ಕ್ಕೆ ಅದೇ ಹಿಜ್ರಿ ವರ್ಷದಲ್ಲಿ, ಆದ್ರೆ ಕನ್ವರ್ಟರಿಗೆ ಬರೀ 1213 ಅಂತ ಕೊಟ್ರೆ ಕೆಲವು 1798 ಅಂತ ಉತ್ತರ ಕೊಡ್ತವೆ.

ಎಲ್ಲದಕ್ಕಿಂತ ಅಪಾಯ ಎಂತ ಗೊತ್ತುಂಟಾ, ತಾರೀಕು ಕೂಡಿ ಬರುದಿಲ್ಲ ಅಂದ್ರೆ ಅದು ಒಬ್ಬರೇ ಆಗಿರ್ಲಿಕ್ಕಿಲ್ಲ, ಇಬ್ಬರಿರಬಹುದು. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುದು, ಮಗು ತೀರಿಹೋದ್ರೆ ಮುಂದಿನ ಮಗುವಿಗೆ ಅದೇ ಹೆಸರಿಡುದು ಮಾಮೂಲು. ರಿಜಿಸ್ಟರಲ್ಲಿ ಸಿಕ್ಕಿದ ಹುಟ್ಟು ಮೊದಲಿನ ಮಗುವಿನದ್ದು, ಕಲ್ಲು ಎರಡನೇ ಮಗುವಿನದ್ದು, ಟ್ರೀಯಲ್ಲಿ ಎರಡನ್ನೂ ಸೇರಿಸಿ ಒಬ್ಬನೇ ಮನುಷ್ಯ. ಎರಡು ಮೂರು ವರ್ಷದ ವ್ಯತ್ಯಾಸ ಕಂಡಾಗ ಮೊದಲು ಶಿಶು ಬರಿಯಲ್ ಹುಡುಕಬೇಕು, ಆಮೇಲೆ ತಾರೀಕು ತಿದ್ದುವ ಮಾತು. ಎಲ್ಲರೂ ಸೇರಿ ಒಂದೇ ಪ್ರೊಫೈಲ್ ತಿದ್ದುವ ಫ್ಯಾಮಿಲಿಸರ್ಚ್, ಜೆನಿ, ವಿಕಿಟ್ರೀ ತರದ ಕಡೆ ಹೀಗೆ ತಪ್ಪಾಗಿ ಮರ್ಜ್ ಮಾಡಿದ್ರೆ ಬಿಡಿಸುವುದು ಬೆರೆಸಿದ ಅಕ್ಕಿಯಿಂದ ಎರಡು ಗದ್ದೆಯದ್ದು ಬೇರೆ ಮಾಡಿದ ಹಾಗೆ.

ಹಾಗಾದ್ರೆ ಟ್ರೀಯಲ್ಲಿ ಎಂತ ಹಾಕುದು? ನಾನು ಅಜ್ಜನ ಪ್ರೊಫೈಲಲ್ಲಿ ಮೇಲೆ 1920 ಫೆಬ್ರವರಿ 20 ಇಟ್ಟೆ, ಕೆಳಗೆ ನೋಟಲ್ಲಿ ಶಾಲೆಯ ತಾರೀಕು, ಕಲ್ಲಿನ ವಯಸ್ಸು ಎರಡನ್ನೂ ಬರೆದು ಯಾಕೆ ಇದನ್ನ ಆರಿಸಿದ್ದು ಅಂತ ಎರಡು ಸಾಲು ಸೇರಿಸಿದೆ. ಸತ್ತ ದಿನ ನವೆಂಬರ್ 10, "ರಾತ್ರಿ 1.30, ಕಲ್ಲಲ್ಲಿ 9 ಅಂತ ಉಂಟು". ಕಲ್ಲಿನ ಫೋಟೋಗೆ ಕ್ಯಾಪ್ಶನ್ ಹಾಕುವಾಗ ಕಲ್ಲಲ್ಲಿ ಇದ್ದ ಹಾಗೇ ಬರೀಬೇಕು, ಅಲ್ಲಿ ತಿದ್ದಬಾರದು, ತಿದ್ದಿದ್ರೆ ಮುಂದೆ ಫೋಟೋ ನೋಡಿದವ ನಿಮ್ಮನ್ನೇ ಸುಳ್ಳ ಅಂತಾನೆ. ನಿರ್ಧಾರ ಆಗದಿದ್ರೆ ಸುಮಾರು, ಇದಕ್ಕಿಂತ ಮೊದಲು, ಇಂಥಾದ್ದರಿಂದ ಇಂಥಾದ್ದರ ಮಧ್ಯೆ ಅಂತ ಹಾಕ್ಲಿಕ್ಕೆ ಹೆಚ್ಚಿನ ಎಲ್ಲಾ ಸಾಫ್ಟ್‌ವೇರಲ್ಲೂ ಅವಕಾಶ ಉಂಟು, ಟ್ರೀಗಳನ್ನ ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಗೆಡ್‌ಕಾಂ ಫೈಲಲ್ಲೂ ಇವಕ್ಕೆ ಜಾಗ ಮಾಡಿಟ್ಟಿದ್ದಾರೆ, ನಮ್ಮವರು ಮಾತ್ರ ಖಾಲಿ ಬಿಡ್ಲಿಕ್ಕೆ ಮನಸ್ಸಾಗದೆ ಜನವರಿ 1 ಅಂತ ತುಂಬಿಸ್ತಾರೆ, ಮಾಸ್ಟ್ರ ಜೂನ್ 1ಕ್ಕೆ ಮೊಮ್ಮಕ್ಕಳ ಜನವರಿ 1. ಮತ್ತೊಂದು, ಅಮೆರಿಕದ ಸೈಟುಗಳಲ್ಲಿ 5/8/1931 ಅಂದ್ರೆ ಮೇ 8, ನಮಗೆ ಆಗಸ್ಟ್ 5, ಆದ್ದರಿಂದ ತಿಂಗಳನ್ನ ಅಕ್ಷರದಲ್ಲೇ ಬರೀರಿ. ಮತ್ತೆ ಬೇರೆಯವರ ಟ್ರೀಯಲ್ಲಿ ಕಂಡದ್ದನ್ನ ಸೋರ್ಸ್ ಅಂತ ಹಾಕಬೇಡಿ ಮಾರಾಯ್ರೆ, ಅವರು ಅದನ್ನ ನಿಮ್ಮ ಟ್ರೀಯಿಂದಲೇ ಎತ್ತಿರಬಹುದು.

ಇದೆಲ್ಲ ಓದುಗರಿಗೆ. ನಿಮ್ಮ ಹತ್ರ ಒಂದು ಕೇಳುದುಂಟು ಸಂಪಾದಕರೇ. ಮನೆಗಳಲ್ಲಿ ಹಳೇ ಬೈಬಲ್ಲಿನ ಒಳಗೆ, ಭಗವದ್ಗೀತೆಯ ಒಳಗೆ, ಕುರಾನಿನ ಕವರಿನಲ್ಲಿ ಜೋಪಾನ ಮಾಡಿಟ್ಟದ್ದು ಪತ್ರಿಕೆಯ ನಿಧನ ಕಾಲಮ್ಮಿನ ತುಂಡು. ಸತ್ತ ಎರಡು ದಿನದ ಒಳಗೆ, ಮನೆಯವರೇ ಕೊಟ್ಟು, ಅಚ್ಚಾದ ದಾಖಲೆ ಅದು, ಕಲ್ಲಿಗಿಂತ ಹಳೇದು, ಎಷ್ಟೋ ಸಲ ಸರ್ಟಿಫಿಕೇಟಿಗಿಂತಲೂ ಮೊದಲಿಂದು. ಆದ್ರೆ ಅದರಲ್ಲಿ ಇರುದು "ಭಾನುವಾರ ನಿಧನರಾದರು, ಅವರಿಗೆ 74 ವರ್ಷ ವಯಸ್ಸಾಗಿತ್ತು" ಅಂತ. ಯಾವ ಭಾನುವಾರ? ಕತ್ತರಿಸಿದವರು ತಾರೀಕು ಇರುವ ಮೇಲಿನ ಅಂಚು ಬಿಟ್ಟಿರ್ತಾರೆ, ಪತ್ರಿಕೆಯ ಹೆಸರೂ ಇರುದಿಲ್ಲ. ಹಿಂದೆ ತಿರುಗಿಸಿ ಅಡಿಕೆ ಧಾರಣೆ, ಸಿನೆಮಾ ಜಾಹೀರಾತು ನೋಡಿ ವರ್ಷ ಹುಡುಕಿದ್ದೂ ಉಂಟು ನಾನು. ಶ್ರದ್ಧಾಂಜಲಿ ಜಾಹೀರಾತಿನವರು ದುಡ್ಡು ಕೊಟ್ಟು ಹುಟ್ಟು ಸಾವು ಎರಡೂ ಹಾಕಿಸ್ತಾರೆ, ದುಡ್ಡಿಲ್ಲದವರಿಗೆ ನಿಧನ ಕಾಲಮ್ಮೇ ಗತಿ. ಆ ಕಾಲಮ್ಮಿನಲ್ಲಿ ವಾರದ ಹೆಸರಿನ ಜೊತೆಗೆ ದಿನ, ತಿಂಗಳು, ಇಸವಿ, ಮತ್ತೆ 74 ತುಂಬಿದ್ದಾ ನಡೀತಾ ಇದ್ದದ್ದಾ ಅನ್ನುದು, ಇಷ್ಟು ಹಾಕಿದ್ರೆ ಒಬ್ಬೊಬ್ಬರಿಗೆ ಅರ್ಧ ಸಾಲು ಜಾಸ್ತಿ ಆದೀತು. ನಿಮ್ಮ ಡೆಸ್ಕಿನವರಿಗೆ ಒಂದು ಮಾತು ಹೇಳಿ ನೋಡಿ.

ಇತಿ,
ನಿಮ್ಮ ಹಳೇ ಓದುಗ
ಮಂಗಳೂರು